ಬೋರ್ಡ್ ಹಾಕಿದರೂ ಊರಿನ ಗುಡ್ಡೆಯಲ್ಲಿ ಕಸ ಸುರಿಯುತ್ತಾರೆ, ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿದಾಗ ನಮ್ಮೂರಿನ ಕಥೆಯೇ ಅನಿಸಿತು. ಗುಡ್ಡೆ ಬದಿಯ ರಸ್ತೆಗೆ ಯಾರ್ಯಾರೋ ಕಸ ತಂದು ಸುರಿಯುತ್ತಾರೆ, ಎರಡು ಸಲ ಕ್ಲೀನ್ ಮಾಡಿ ಬೋರ್ಡ್ ಹಾಕಿದರೂ ನಿಂತಿಲ್ಲ, ಸಿಸಿ ಕ್ಯಾಮೆರಾ ಹಾಕಿಸುವುದಾ ಅಂತ ಕೇಳಿದ್ದೀರಿ. ಕ್ಯಾಮೆರಾ ವಿಷಯ ಆಮೇಲೆ. ಮೊದಲು ಕೈಗೆ ಗ್ಲೌಸ್ ಹಾಕಿಕೊಂಡು ಆ ರಾಶಿಯನ್ನು ಬಿಡಿಸಿ ನೋಡಿ.

ನಮ್ಮದು ಉಡುಪಿ ಜಿಲ್ಲೆ, ಕಾರ್ಕಳ ತಾಲೂಕಿನ ಒಂದು ಗ್ರಾಮ. ಇಲ್ಲಿ ಕೆಂಪುಕಲ್ಲು ಕಡಿದು ಬಿಟ್ಟುಹೋದ ಹಳೆ ಕೋರೆಯೊಂದು ಉಂಟು, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ. ಯುವಕ ಮಂಡಲದವರು ಸೇರಿ ಅದನ್ನು ಮೂರು ಸಲ ಕ್ಲೀನ್ ಮಾಡಿದೆವು. ಚೀಲಕ್ಕೆ ತುಂಬಿಸಿದೆವು, ಪಂಚಾಯತ್ ಗಾಡಿಗೆ ಹಾಕಿದೆವು, ಫೋಟೊ ತೆಗೆದೆವು. ಒಂದೇ ತಿಂಗಳಲ್ಲಿ ಮತ್ತೆ ಮೊದಲಿನ ಹಾಗೆಯೇ. ನಾಲ್ಕನೇ ಸಲ ಹೊರಟಾಗ ನಮ್ಮ ಸ್ವಚ್ಛ ವಾಹಿನಿ ಕಸದ ಗಾಡಿ ಓಡಿಸುವ ಅಕ್ಕ (ಸಂಜೀವಿನಿ ಮಹಿಳಾ ಸಂಘದವರು, ದಿನಾ ಕಸ ವಿಂಗಡಿಸಿ ಅಭ್ಯಾಸ ಇರುವವರು) ತಡೆದರು. "ತುಂಬಿಸುವ ಮೊದಲು ಒಳಗೆ ಏನುಂಟು ಅಂತ ಒಮ್ಮೆ ನೋಡಿ ಅಣ್ಣ" ಅಂದರು. ಟಾರ್ಪಾಲು ಹಾಸಿ ಅದರ ಮೇಲೆ ಎಲ್ಲ ಸುರಿದೆವು. ವಾಸನೆ ತಡೆಯಲಾಗದೆ ಇಬ್ಬರು ಹುಡುಗರು ದೂರ ಹೋಗಿ ನಿಂತರು.

ಸಿಕ್ಕಿದ್ದು ಏನು ಗೊತ್ತಾ? ಮಕ್ಕಳ ಡೈಪರ್, ಅದೇ ಜಾಸ್ತಿ. ಗೋಣಿಯಲ್ಲಿ ಕಟ್ಟಿದ ಕೋಳಿ ಅಂಗಡಿಯ ತ್ಯಾಜ್ಯ. ಬಿಯರ್ ಬಾಟಲಿ, ಒಡೆದ ಗಾಜು. ಹಳೆ ಬಟ್ಟೆ, ಹಾಸಿಗೆ, ತಲೆದಿಂಬು. ಯಾವುದೋ ಸಮಾರಂಭದ ಪೇಪರ್ ಪ್ಲೇಟು, ಲೋಟ, ಉಳಿದ ಅನ್ನದ ಸಮೇತ. ಟ್ಯೂಬ್‌ಲೈಟು. ಆದರೆ ಕಬ್ಬಿಣ ಒಂದು ತುಂಡೂ ಇಲ್ಲ. ನ್ಯೂಸ್‌ಪೇಪರ್ ಇಲ್ಲ, ರಟ್ಟು ಇಲ್ಲ, ನೀರಿನ ಬಾಟಲಿಯೂ ಹೆಚ್ಚುಕಡಿಮೆ ಇಲ್ಲ. ಅವನ್ನೆಲ್ಲ ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ ಅಲ್ವಾ! ಯಾರೂ ತೆಗೆದುಕೊಳ್ಳದ ವಸ್ತು ಮಾತ್ರ ಕೋರೆಗೆ ಬಂದಿತ್ತು. ಅಷ್ಟು ದಿನ ನಾವು ಜನರ ಬುದ್ಧಿ ಸರಿ ಇಲ್ಲ ಅಂತ ಬೈಯುತ್ತಿದ್ದೆವು. ಅವತ್ತಿನಿಂದ ಪ್ರತಿಯೊಂದು ವಸ್ತುವಿಗೂ ಹೋಗಲು ಒಂದು ದಾರಿ ಹುಡುಕಲು ಶುರು ಮಾಡಿದೆವು.

ಕೋಳಿ ತ್ಯಾಜ್ಯ ನಾವು ಹೆದರಿದಷ್ಟು ಕಷ್ಟ ಆಗಲಿಲ್ಲ. ಅಂಗಡಿಗಳಿಗೆ ಲೈಸೆನ್ಸ್ ಕೊಡುವುದು ಗ್ರಾಮ ಪಂಚಾಯತ್. ನವೀಕರಣಕ್ಕೆ ಬಂದಾಗ, ತ್ಯಾಜ್ಯ ಯಾರಿಗೆ ಕೊಡುತ್ತೀರಿ ಅಂತ ಬರೆದುಕೊಡಿ ಎಂದು ಪಿಡಿಒ ಕೇಳಿದರು. ಹಂದಿ ಸಾಕುವವರೊಬ್ಬರು ಡ್ರಮ್ ಇಟ್ಟು ದಿನಾ ಸಂಜೆ ಬಂದು ಒಯ್ಯಲು ಒಪ್ಪಿದರು. ಅಂಗಡಿಯವರಿಗೂ ರಾತ್ರಿ ಕದ್ದು ಗೋಣಿ ಹೊರುವ ಕೆಲಸ ತಪ್ಪಿತು. ಇದು ನಿಂತದ್ದೇ ನಾಯಿಗಳ ಗುಂಪೂ ಆ ಕಡೆ ಕಡಿಮೆ ಆಯಿತು. ಮೊದಲು ಶಾಲೆ ಮಕ್ಕಳು ಆ ದಾರಿಯಲ್ಲಿ ಕೋಲು ಹಿಡಿದು ಹೋಗಬೇಕಿತ್ತು.

ಇನ್ನು ಮನೆಗಳ ಕಸ. ಗಾಡಿ ಬರುತ್ತದಲ್ಲ, ಮತ್ತೆ ಯಾಕೆ ಇಲ್ಲಿ ಹಾಕುತ್ತಾರೆ ಅಂತ ನಮಗೂ ಸಿಟ್ಟಿತ್ತು. ಕೇಳುತ್ತಾ ಹೋದಾಗ ಗೊತ್ತಾಯಿತು, ನಮ್ಮ ಕಡೆ ಮನೆಗಳು ಬೈಲಿನಲ್ಲಿ ಒಂದು, ಗುಡ್ಡೆ ಮೇಲೆ ಒಂದು, ಗಾಡಿ ಅಲ್ಲಿವರೆಗೆ ಇಳಿಯುವುದಿಲ್ಲ. ಇಳಿಯುವ ಕಡೆ ಅದು ಬರುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಹಾಗಾಗಿ ಹಾಲಿನ ಡೈರಿ ಹತ್ತಿರ ಭಾನುವಾರ ಬೆಳಿಗ್ಗೆ ಗಾಡಿ ನಿಲ್ಲಿಸುವ ವ್ಯವಸ್ಥೆ ಮಾಡಿದೆವು. ಹಾಲು ಹಾಕಲು ಹೇಗೂ ಬರುತ್ತಾರೆ, ಕ್ಯಾನಿನ ಜೊತೆ ಒಣ ಕಸದ ಚೀಲವನ್ನೂ ತರುತ್ತಾರೆ. ಹಸಿ ಕಸ ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದೇವೆ. ತೆಂಗಿನ ಬುಡ, ಗೊಬ್ಬರದ ಗುಂಡಿ ಇರುವ ಊರಿನಲ್ಲಿ ಹಸಿ ಕಸ ಗಾಡಿ ಹತ್ತಬೇಕಾಗಿಲ್ಲ. ತಿಂಗಳ ಶುಲ್ಕ 50 ರೂಪಾಯಿ ಕೊಡಲು ಮೊದಲು ಗೊಣಗಿದವರೂ ಈಗ ಕೊಡುತ್ತಿದ್ದಾರೆ, ಯಾಕೆಂದರೆ ಕಸ ನಿಜವಾಗಿ ಹೋಗುವುದು ಅವರಿಗೆ ಕಾಣುತ್ತದೆ.

ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ತೋರಿಸಿ. ನಮ್ಮ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಎಂಆರ್‌ಎಫ್ (ಒಣ ಕಸ ವಿಂಗಡಿಸುವ) ಘಟಕ ಉಂಟು, ಸುತ್ತಲಿನ ಪಂಚಾಯತ್‌ಗಳ ಒಣ ಕಸ ಅಲ್ಲಿ ವಿಂಗಡಣೆ ಆಗುತ್ತದೆ. ನೀವು ಮಂಗಳೂರು ಕಡೆಯವರಾದರೆ ತೆಂಕ ಎಡಪದವಿನಲ್ಲಿ ಅಂಥದ್ದೇ ಇನ್ನೊಂದು. ಊರಿನ ಹತ್ತು ಜನರನ್ನು ಒಂದು ಸಲ ಕರೆದುಕೊಂಡು ಹೋಗಿ. ಬೇರೆ ಬೇರೆ ಮಾಡಿ ಕೊಟ್ಟದ್ದು ಮತ್ತು ಅನ್ನ ಮೆತ್ತಿಕೊಂಡು ಬಂದದ್ದು, ಎರಡನ್ನೂ ಕಣ್ಣಾರೆ ನೋಡಿದ ಮೇಲೆ ಮನೆಯಲ್ಲಿ ಚೀಲ ಎರಡಾಗುತ್ತದೆ.

ಸಮಾರಂಭದ ಕಸಕ್ಕೆ ಕಾನೂನು ನಿಮ್ಮ ಕೈಯಲ್ಲೇ ಉಂಟು. 100ಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮವನ್ನು ಮನೆ ಅಂಗಳ, ಗದ್ದೆಯಂಥ ಕಡೆ ಮಾಡುವುದಾದರೆ ಮೂರು ಕೆಲಸದ ದಿನ ಮೊದಲೇ ಪಂಚಾಯತ್‌ಗೆ ತಿಳಿಸಬೇಕು, ಕಸವನ್ನು ಬೇರ್ಪಡಿಸಿ ಕೊಡಬೇಕು ಅಂತ ಘನತ್ಯಾಜ್ಯ ನಿಯಮ ಹೇಳುತ್ತದೆ. ಮದುವೆ, ಗೃಹಪ್ರವೇಶ, ಕೋಲ, ಯಕ್ಷಗಾನ ಎಲ್ಲದಕ್ಕೂ ಇದನ್ನು ಕೇಳಬಹುದು. ದಂಡದ ಮಾತಿಗಿಂತ, ಅಡುಗೆಯವರ ಹತ್ತಿರ ಮೊದಲೇ ಮಾತಾಡಿ ಅಡಿಕೆ ಹಾಳೆ ತಟ್ಟೆಯೋ ಬಾಳೆಲೆಯೋ ಮಾಡಿಸುವುದು ನಮ್ಮಲ್ಲಿ ಹೆಚ್ಚು ಕೆಲಸ ಮಾಡಿತು.

ಕೋರೆಗೆ ಹಾಕಿದರೆ ಯಾರಿಗೇನು ನಷ್ಟ ಅಂತ ಗ್ರಾಮಸಭೆಯಲ್ಲಿ ಒಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಕೊಡಲೇಬೇಕು. ಕೆಂಪುಕಲ್ಲಿನಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಅದಕ್ಕೇ ನಮ್ಮ ಬಾವಿಗಳು ಮಳೆ ಬಂದ ಕೂಡಲೇ ತುಂಬುವುದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು. ಕೋರೆಯಲ್ಲಿ ಕೊಳೆತದ್ದರ ರಸ ಅದೇ ನೀರಿನ ಜೊತೆ ಇಳಿಯುತ್ತದೆ, ಕೆಳಗಿನ ಮನೆಗಳವರು ಬಾವಿಗೆ ಕೊಡಪಾನ ಇಳಿಸುತ್ತಾರೆ. ಮೇಲೆ ತೇಲಿದ್ದು ತೋಡಿಗೆ (ಸಣ್ಣ ಹಳ್ಳಕ್ಕೆ), ತೋಡಿನಿಂದ ಸ್ವರ್ಣಾ ನದಿಗೆ. ಆ ನದಿಯ ಬಜೆ ಅಣೆಕಟ್ಟಿನಿಂದ ಉಡುಪಿ ನಗರಕ್ಕೆ ಕುಡಿಯುವ ನೀರು ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮನೆಗಳು, ತೋಟಗಳು ಕಸದಡಿ ಹೋದವಲ್ಲ, ಆ ಫೋಟೊಗಳನ್ನು ಸಭೆಯಲ್ಲಿ ತೋರಿಸಿದೆ. ಮತ್ತೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಒಂದು ಎಚ್ಚರಿಕೆ. ಸುರಿಯುವುದು ನಿಂತರೆ ಸುಡುವುದು ಶುರುವಾಗುತ್ತದೆ. ಬಚ್ಚಲಿನ ಹಂಡೆ ಒಲೆಗೆ ಹಾಲಿನ ಪ್ಯಾಕೆಟ್, ಚಿಪ್ಸ್ ಕವರ್ ತುರುಕುವುದು ನಮ್ಮಲ್ಲಿ ಪ್ರತಿ ಮನೆಯ ಅಭ್ಯಾಸ, ನನ್ನ ಅಮ್ಮನೂ ಮಾಡುತ್ತಿದ್ದರು. ಆ ಹೊಗೆ ಕುಡಿಯುವುದು ಒಲೆ ಮುಂದೆ ಕೂತ ಹೆಂಗಸರೇ, ಬೂದಿ ಹೋಗುವುದು ತರಕಾರಿ ಬುಡಕ್ಕೆ. ಇದನ್ನು ಪುರುಷರು ಮೈಕಿನಲ್ಲಿ ಹೇಳಿದರೆ ಆಗುವುದಿಲ್ಲ. ಗಾಡಿಯ ಅಕ್ಕ ಸಂಘದ ವಾರದ ಮೀಟಿಂಗಿನಲ್ಲಿ ಹೇಳಿದ ಮೇಲೆ ನಮ್ಮ ಮನೆಯಲ್ಲೂ ನಿಂತಿತು.

ಕ್ಯಾಮೆರಾ ಹಾಕಿಸಿ, ಆದರೆ ಹೊರಗಿನಿಂದ ರಾತ್ರಿ ಗಾಡಿಯಲ್ಲಿ ಬಂದು ಸುರಿದು ಹೋಗುವವರಿಗಾಗಿ. ನಂಬರ್ ಸಿಕ್ಕಿದರೆ ಪಂಚಾಯತ್‌ನಿಂದ ನೋಟಿಸ್ ಹೋಗಲಿ, ವಾಟ್ಸಾಪ್‌ನಲ್ಲಿ ಮುಖ ಹಾಕಿ ಮಾನ ತೆಗೆಯುವುದು ಬೇಡ. ಊರಿನವರೇ ಸಿಕ್ಕಿಬಿದ್ದರೆ ಮನೆಗೆ ಹೋಗಿ ಮಾತಾಡಿ. ನಮಗೆ ಹಾಗೆ ಸಿಕ್ಕಿದವರು ಒಬ್ಬ ಅಜ್ಜಿ, ಹಾಸಿಗೆ ಹಿಡಿದ ಗಂಡನ ಡೈಪರ್ ಎಲ್ಲಿ ಹಾಕುವುದು ಅಂತ ಗೊತ್ತಾಗದೆ ಕತ್ತಲಾದ ಮೇಲೆ ಬರುತ್ತಿದ್ದರು.

ಡೈಪರ್‌ಗೆ ಮಾತ್ರ ನಮ್ಮಲ್ಲಿ ಇನ್ನೂ ಪೂರ್ತಿ ದಾರಿ ಸಿಕ್ಕಿಲ್ಲ. ಪೇಪರಿನಲ್ಲಿ ಸುತ್ತಿ ಬೇರೆ ಚೀಲದಲ್ಲಿ ಕೊಟ್ಟರೆ ಗಾಡಿಯವರು ಒಯ್ಯುತ್ತಾರೆ, ಅಜ್ಜಿಯ ಮನೆಗೆ ವಾರಕ್ಕೆ ಎರಡು ಸಲ ಹುಡುಗರೇ ಹೋಗಿ ತರುತ್ತಾರೆ. ನಿಮ್ಮ ರಾಶಿಯಲ್ಲಿ ಏನೇನು ಸಿಕ್ಕಿತು ಅಂತ ಬಿಡಿಸಿ ನೋಡಿದ ಮೇಲೆ ಖಂಡಿತ ತಿಳಿಸಿ.