ಫುಲ್ಟನ್ ಆಯ್ಕೆ: ಗೋಲು ಎಣಿಸಿ ನೋಡಿದ್ರೆ

ಅಣ್ಣ, 2023ರಲ್ಲಿ ಆಸ್ಟ್ರೇಲಿಯಾದ ಕೋಚ್ ಗ್ರಹಾಂ ರೀಡ್ ಬಿಟ್ಟು ಹೋದಾಗ ಭಾರತ ಪುರುಷರ ಹಾಕಿ ತಂಡವನ್ನು ನಮ್ಮ ದೇಶದ ಕೋಚ್ ಕೈಗೇ ಕೊಡಬೇಕಿತ್ತು, ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಬಂದು ನಮ್ಮ ದಾಳಿ ಆಟವನ್ನೇ ಕೆಡಿಸಿದ್ರು ಅಂತ ಬರೆದಿದ್ದೀರಿ. ಅರ್ಧ ಒಪ್ತೀನಿ. ಯಾವ ಅರ್ಧ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರೀಡ್ ತಂಡ 8 ಪಂದ್ಯ ಆಡ್ತು. 25 ಗೋಲು ಹೊಡೀತು, 23 ತಿಂತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫುಲ್ಟನ್ ತಂಡವೂ 8 ಪಂದ್ಯ ಆಡ್ತು. ಹೊಡೆದದ್ದು 15, ತಿಂದದ್ದು 12. ಎರಡು ಕಡೆಯೂ ಕಂಚೇ. ಈಗ ಹೇಳಿ, ಆಟ ಕೆಟ್ಟಿತೋ, ಸೋರೋದು ನಿಂತಿತೋ? ಟೋಕಿಯೊದಲ್ಲಿ ಆಸ್ಟ್ರೇಲಿಯಾ ಕೈಲಿ 7 ತಿಂದದ್ದು ಯಾರಿಗೂ ನೆನಪಿಲ್ಲ, ಜರ್ಮನಿ ಮೇಲಿನ 5-4 ಮಾತ್ರ ನೆನಪು. ನನಗೂ ಅಷ್ಟೇ, ಆವತ್ತು ಮನೇಲಿ ಕೂಗಿ ಕೂಗಿ ಗಂಟಲು ಹೋಗಿತ್ತು. ಅದೇ ಆಸ್ಟ್ರೇಲಿಯಾವನ್ನು ಪ್ಯಾರಿಸ್‌ನಲ್ಲಿ 3-2ಕ್ಕೆ ಸೋಲಿಸಿದ್ವಿ. ಒಲಿಂಪಿಕ್ಸ್‌ನಲ್ಲಿ 1972ರ ನಂತರ ಮೊದಲ ಸಲ.

2023ರ ವಿಶ್ವಕಪ್ ಹೇಗೆ ಕೈಬಿಟ್ಟಿತು ಅಂತ ನೆನಪು ಮಾಡಿಕೊಳ್ಳಿ. ಭುವನೇಶ್ವರದಲ್ಲಿ ನ್ಯೂಜಿಲೆಂಡ್ ಮೇಲೆ 3-1 ಮುಂದಿದ್ವಿ, 3-3 ಆಯ್ತು, ಶೂಟೌಟ್‌ನಲ್ಲಿ ಹೋಯ್ತು. ಮುಂದಿರೋ ಪಂದ್ಯ ಕಾಯೋಕೆ ಬರದ ತಂಡಕ್ಕೆ ಮೊದಲು ಡಿಫೆನ್ಸ್ ಕಲಿಸೋನು ಬೇಕಿತ್ತು. ಬಹುಪಾಲು ಕೆಲಸಕ್ಕೆ ಹೋಗ್ತಾ ಆಡೋ ಹುಡುಗರನ್ನು ಕಟ್ಟಿಕೊಂಡು ಐರ್ಲೆಂಡನ್ನು ರಿಯೊ ಒಲಿಂಪಿಕ್ಸ್‌ಗೆ ಕರೆದೊಯ್ದವರು ಫುಲ್ಟನ್. ಆಮೇಲೆ ಟೋಕಿಯೊದಲ್ಲಿ ಚಿನ್ನ ಗೆದ್ದ ಬೆಲ್ಜಿಯಂಗೆ ಸಹಾಯಕ ಕೋಚ್. ಪ್ಯಾರಿಸ್‌ನಲ್ಲಿ ಬ್ರಿಟನ್ ಮೇಲಿನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿದ್ದ ಮೇಲೆ ಹತ್ತೇ ಜನ 1-1ರಲ್ಲಿ ಹಿಡಿದು ನಿಂತರಲ್ಲ, ಗೋಲ್‌ಕೀಪರ್ ಶ್ರೀಜೇಶ್ ಒಬ್ಬರಿಂದ ಅದು ಆಗಲ್ಲ. ಹಾಫ್‌ಗಳು, ಅಂದ್ರೆ ಮಧ್ಯದಲ್ಲಿ ಆಡೋರು, ಜಾಗ ಬಿಡದೆ ಆಡಿದ್ರು.

ಇನ್ನು ನೀವು ಸರಿ ಇರೋ ಅರ್ಧ. ಪ್ಯಾರಿಸ್‌ನ ಆ 15ರಲ್ಲಿ 10 ಹರ್ಮನ್‌ಪ್ರೀತ್ ಒಬ್ಬರದೇ, ಪೆನಾಲ್ಟಿ ಕಾರ್ನರ್ ಇಲ್ಲಾ ಪೆನಾಲ್ಟಿ ಸ್ಟ್ರೋಕ್. ಮಿಕ್ಕವರೆಲ್ಲ ಸೇರಿ 5. ಹರ್ಮನ್ ಕೈ ಕೊಟ್ಟ ದಿನ ಗತಿ ಏನು? ಫುಲ್ಟನ್‌ರನ್ನು ಬೈಯೋದಾದ್ರೆ ಇಲ್ಲಿ ಬೈಯಿರಿ, ಪಾಸ್‌ಪೋರ್ಟ್ ನೋಡಿ ಬೇಡ.

"ರೂರ್ಕೆಲಾದಲ್ಲಿ ನಮ್ಮ ಕಾರ್ಯಪ್ಪ ಸಾಕಾಗಲಿಲ್ವಾ?" ಅಂತ ಕೇಳಿದ್ದೀರಿ. ಫುಲ್ಟನ್ ಬರೋ ಮೊದಲು ಅಲ್ಲಿ ಪ್ರೊ ಲೀಗ್ ಅನ್ನೋ ಅಂತರರಾಷ್ಟ್ರೀಯ ಟೂರ್ನಿಯಲ್ಲಿ ವಿಶ್ವ ಚಾಂಪಿಯನ್ ಜರ್ಮನಿಯನ್ನು ಹೊಡೆದದ್ದು ನಿಜ, ಬಿ.ಜೆ. ಕಾರ್ಯಪ್ಪ ಕೋಚ್‌ಗಳ ಬೆಂಚಿನಲ್ಲಿದ್ದದ್ದೂ ನಿಜ. ಆದರೆ ಆಗ ಮುಂದೆ ನಿಂತು ನಡೆಸಿದ್ದು ಡೇವಿಡ್ ಜಾನ್, ಅವರೂ ಆಸ್ಟ್ರೇಲಿಯಾದವರೇ!

ನಮ್ಮವರಿಗೆ ಕೊಡಬಾರದು ಅಂತ ನಾನು ಹೇಳ್ತಿಲ್ಲ. ಹರೇಂದ್ರ ಸಿಂಗ್ 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆದ್ದುಕೊಟ್ಟರು. 2018ರ ಮೇನಲ್ಲಿ ಸೀನಿಯರ್ ತಂಡ ಕೊಟ್ಟರು, ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ 1-2ರಲ್ಲಿ ಸೋತ ಮೇಲೆ 2019ರ ಜನವರಿಯಲ್ಲಿ ತೆಗೆದರು. ವರ್ಷವೂ ತುಂಬಲಿಲ್ಲ. 2013ರಿಂದ 2019ರ ಒಳಗೆ ನೋಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ. ಹೀಗೆ ಕೋಚ್ ಬದಲಾಯಿಸ್ತಾ ಹೋದ್ರೆ ಯಾವ ಹುಡುಗನಿಗೆ ಯಾವ ಪ್ರೆಸ್ (ಎದುರಾಳಿ ಮೇಲೆ ಒತ್ತಡ ಹಾಕೋ ರೀತಿ) ಅಂತ ತಲೆಗೆ ಹತ್ತುತ್ತೆ? ನಮ್ಮವರನ್ನೇ ಹಾಕಿ, ಆದರೆ ಒಂದು ಒಲಿಂಪಿಕ್ಸ್‌ನಿಂದ ಇನ್ನೊಂದರ ತನಕ ಮುಟ್ಟಬೇಡಿ. ಪಕ್ಕದಲ್ಲಿ ಬೇಕಾದವರನ್ನೂ ಕೊಡಿ. ಫುಲ್ಟನ್‌ಗೆ ಮನೋಬಲಕ್ಕೆ ಅಂತ ಪ್ಯಾಡಿ ಅಪ್ಟನ್ ಸಿಕ್ಕಿದ್ರಲ್ಲ, ಹಾಗೆ.

ಮುಂದಿನ ಮ್ಯಾಚ್ ನೋಡುವಾಗ ಸ್ಕೋರ್ ಬಿಟ್ಟು ಮೂರು ಗೀಟು ಹಾಕಿಕೊಳ್ಳಿ: ಎಷ್ಟು ಸಲ ನಾವು ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹೋದ್ವಿ, ಅದರಲ್ಲಿ ಎಷ್ಟು ಶಾಟ್ ಆಯ್ತು, ಕೊನೇ ಕ್ವಾರ್ಟರ್‌ನಲ್ಲಿ ಎಷ್ಟು ಸಲ ನಮ್ಮ ಡಿಗೆ ಅವರು ಬಂದ್ರು. ನಾನು ಶಾಲೆ ಮಕ್ಕಳಿಗೂ ಇದೇ ಮಾಡಿಸೋದು. ನಿಮ್ಮ ಚೀಟಿ ಇಲ್ಲಿ ಹಾಕಿ, ನನ್ನದೂ ಹಾಕ್ತೀನಿ, ಆಮೇಲೆ ಜಗಳ ಆಡೋಣ.