ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ನೇಕಾರ್ತಿಯರಿಗೆ ಮತ್ತೆ ಆರ್ಡರ್ ಬರಬೇಕಾದರೆ

ವಿನಿಮಯ ಪ್ರವಾಸದಲ್ಲಿ ಜಪಾನಿನವರು ಈ ನೇಕಾರ್ತಿಯರ ಇಕತ್ ಶಾಲು (ನೂಲನ್ನು ಕಟ್ಟಿ, ಬಣ್ಣ ಹಾಕಿ, ಆಮೇಲೆ ನೇಯುವುದು) ಮೆಚ್ಚಿದರು, ಆಮೇಲೆ ಆರ್ಡರ್‌ನ ಸುದ್ದಿಯೇ ಇಲ್ಲ ಅಂದಿರಲ್ಲ, ಅದಕ್ಕೆ ಬೆಲೆ ಕಾರಣ ಅಲ್ಲ ಅನ್ಸುತ್ತೆ. ಸ್ಯಾಂಪಲ್‌ನಂಥದ್ದೇ ಮತ್ತೆ ಸಿಗುತ್ತದೆ ಎಂಬ ನಂಬಿಕೆ ಅವರಿಗೆ ಬಂದಿಲ್ಲ. ನೋನಿ ಮರದ ಬೇರಿನಿಂದ ತೆಗೆಯುವ ಕೆಂಪು ಬಣ್ಣ ಪ್ರತಿ ಸಲ ಒಂದೇ ಥರ ಬರುವುದಿಲ್ಲ, ಅಲ್ವಾ?

ಮೊದಲು ಪ್ರತಿ ಬಣ್ಣದ ತೆಳು, ಮಧ್ಯಮ, ಗಾಢ ನೂಲನ್ನು ರಟ್ಟಿಗೆ ಅಂಟಿಸಿ. ಬಣ್ಣ ಈ ತೆಳುವಿನಿಂದ ಗಾಢದೊಳಗೆ ಇರುತ್ತದೆ ಎಂದು ಬರೆಯಿರಿ. ಸೊಂಟಕ್ಕೆ ಕಟ್ಟುವ ಮಗ್ಗದಲ್ಲಿ ಅಗಲ ಕಡಿಮೆ, ಅದನ್ನೂ ತಿಳಿಸಿ. ಆಮೇಲೆ ಆ ರಟ್ಟನ್ನು ಪ್ರವಾಸದಲ್ಲಿ ಭೇಟಿಯಾದವರಿಗೇ ಕಳಿಸಿ, ಐದಾರು ಶಾಲಿನ ಸಣ್ಣ ಆರ್ಡರ್ ಕೇಳಿ.

ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಲೇಬೇಕು. ನೂಲು ಕಟ್ಟಿ ಬಣ್ಣ ಹಾಕುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಹೆಣ್ಣುಮಕ್ಕಳು ಸಾಲ ಮಾಡಿ ನೇಯಬಾರದು. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಪ್ರವಾಸ ಏರ್ಪಡಿಸಿದವರಿಂದಲೇ ಒಂದು ಫೋನ್ ಮಾಡಿಸಿ.