ಪ್ರತಿಕ್ರಿಯೆ: ಸ್ವಂತ ಉದ್ಯೋಗದವರಿಗೆ ಗೃಹಸಾಲದ ವಿಮೆ ಬೇಕೇ?

ನಮಸ್ಕಾರ ಸರ್. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದೀರಿ, ಗೃಹಸಾಲದ ಜೊತೆ ವಿಮೆ ಮಾಡಿಸಲೇಬೇಕು ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ, ದುಡಿಮೆ ನಿಂತರೆ ಅದು ಕಂತು ಕಟ್ಟುತ್ತದೆಯೇ ಎಂದು ಕೇಳಿದ್ದೀರಿ.

ಕಾನೂನಿನಲ್ಲಿ ಆ ಕಡ್ಡಾಯವಿಲ್ಲ. ಒತ್ತಾಯಿಸಿದರೆ ಲಿಖಿತವಾಗಿ ಕೊಡಿ ಎನ್ನಿ.

ಇಂಥ ವಿಮೆ ಬಹುಪಾಲು ಸಾಲಗಾರ ತೀರಿಕೊಂಡರೆ ಮಾತ್ರ ಉಳಿದ ಸಾಲ ತೀರಿಸುತ್ತದೆ. ಕೆಲಸ ಹೋದಾಗ ಕಂತು ಕಟ್ಟುವ ಸೌಲಭ್ಯ ಸಾಮಾನ್ಯವಾಗಿ ಸಂಬಳದಾರರಿಗೆ ಮೀಸಲು. ವ್ಯಾಪಾರ ಕುಸಿದರೆ ನಿಮಗೆ ಬಿಡಿಗಾಸೂ ಬರುವುದಿಲ್ಲ. ಈ ಷರತ್ತನ್ನು ಪಾಲಿಸಿಯಲ್ಲಿ ನೀವೇ ಹುಡುಕಿ ಓದಿ.

ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸುತ್ತಾರೆ, ಅಲ್ಲಿ ಎಚ್ಚರ. 80,000 ರೂಪಾಯಿಯನ್ನು ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು 720 ರೂಪಾಯಿ, ಕೊನೆಗೆ 1.72 ಲಕ್ಷ ದಾಟುತ್ತದೆ. ಇತ್ತ ಸಾಲ ಇಳಿದಂತೆ ವಿಮಾ ಮೊತ್ತವೂ ಸಾಮಾನ್ಯವಾಗಿ ಇಳಿಯುತ್ತದೆ!

ನನ್ನ ಮಾತು ಕೇಳುವುದಾದರೆ, ಸಾಲದಷ್ಟು ಮೊತ್ತದ ಟರ್ಮ್ ವಿಮೆಯನ್ನು, ಅಂದರೆ ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆಯನ್ನು, ಬೇರೆಯಾಗಿ ಮಾಡಿಸಿ. ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೇಳಬಹುದು, ಸಿದ್ಧವಿಟ್ಟುಕೊಳ್ಳಿ. ಬೀಡಿ, ಗುಟ್ಕಾ, ಸಕ್ಕರೆ ಕಾಯಿಲೆ ಏನಿದ್ದರೂ ಮುಚ್ಚಿಡಬೇಡಿ. ನಾಳೆ ಮನೆಯವರು ಅಲೆಯಬೇಕಾಗುತ್ತದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪತ್ನಿ, ಮಕ್ಕಳ ಹೆಸರಿಗೆ ಮಾಡಿಸಿದರೆ ನಿಮಗೆ ಸಾಲ ಕೊಟ್ಟವರು ಆ ಹಣಕ್ಕೆ ಕೈಹಾಕುವಂತಿಲ್ಲ.

ಕಾದ ಮರಳಿನ ಬಾಣಲೆಯ ಮುಂದೆ ನೀವೇ ನಿಲ್ಲುವವರು. ಕೈ ಸುಟ್ಟು ತಿಂಗಳುಗಟ್ಟಲೆ ಕೂರಬೇಕಾದರೆ ಟರ್ಮ್ ವಿಮೆ ಕೆಲಸಕ್ಕೆ ಬಾರದು. ತಾತ್ಕಾಲಿಕ ಅಂಗವೈಕಲ್ಯಕ್ಕೆ ವಾರದ ಲೆಕ್ಕದಲ್ಲಿ ಹಣ ಕೊಡುವ ವೈಯಕ್ತಿಕ ಅಪಘಾತ ವಿಮೆ ಕೇಳಿ ಪಡೆಯಿರಿ. ಆರು ಕಂತಿನ ಹಣ ಠೇವಣಿಯಲ್ಲಿರಲಿ. ವ್ಯಾಪಾರ ಬಿದ್ದಾಗ ಆಗುವುದು ಅದೊಂದೇ.